ಸ್ವೆಟರಮ್ಮನ ಹಸಿರು ಚೌಕಗಳು

ಕೈಕೆಲಸದವರ ಕಥೆಯನ್ನು ತಪ್ಪಿನಿಂದಲೇ ಶುರು ಮಾಡಬೇಕು. ಸರಿಯಾಗಿ ಬಂದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಸ್ವೆಟರಮ್ಮನ ಕಥೆಯಲ್ಲಿ ತಪ್ಪು ಕಣ್ಣಿಗೆ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ಅಂಗಡಿಯ ಶಟರನ್ನು ಅರ್ಧ ಎತ್ತಿ, ಟೀ ಲೋಟವನ್ನು ಉಣ್ಣೆಯುಂಡೆಗಳ ಮಧ್ಯೆ ಜಾಗ ಮಾಡಿ ಇಟ್ಟು, ಲ್ಯಾಪ್‌ಟಾಪ್ ತೆರೆದಿದ್ದಳು. ತಾನೇ ಕಟ್ಟಿದ ಹೊಸ ವೆಬ್‌ಸೈಟಿನ ಬುಡದಲ್ಲಿ ಬ್ಯಾಡ್ಜು ಬಂದು ಕೂತಿತ್ತು. ಕೋಡ್ ಬರೆಯುವವರು ತಮ್ಮ ಪುಟದಲ್ಲಿ ಅಂಟಿಸಿಕೊಳ್ಳುವ ಬ್ಯಾಡ್ಜು ಅದು: ವರ್ಷದ ಒಂದೊಂದು ದಿನಕ್ಕೆ ಒಂದೊಂದು ಪುಟ್ಟ ಚೌಕ, ಕೆಲಸ ಮಾಡಿದ ದಿನ ಹಸಿರು, ಮಾಡದ ದಿನ ಬಿಳಿ. ಅವಳದ್ದು ಆ ತುದಿಯಿಂದ ಈ ತುದಿಯವರೆಗೆ ಬಿಳಿ. ಒಗೆದು ಹರವಿದ ಹಾಸಿಗೆ ಬಟ್ಟೆಯ ಹಾಗೆ, ಒಂದು ಕಲೆಯೂ ಇಲ್ಲ.

"ಇದೇನು, ನಾನು ವರ್ಷವಿಡೀ ನಿದ್ದೆ ಮಾಡಿದ್ನಾ?" ಅಂದಳು, ತನಗೆ ತಾನೇ.

ನಿದ್ದೆ ಮಾಡಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಇದೇ ಲ್ಯಾಪ್‌ಟಾಪಿನ ಮುಂದೆ ಕೂತು ಹೆಚ್ಚುಕಮ್ಮಿ ದಿನವೂ ಆ ಹೆಣಿಗೆ ಪ್ರೋಗ್ರಾಂ ತಿದ್ದಿದವಳು ಅವಳೇ. ಒಂದು ಹೂವಿನ ಚಿತ್ರವೋ ಬೆಕ್ಕಿನ ಚಿತ್ರವೋ ಕೊಟ್ಟರೆ, ಸ್ವೆಟರಿನ ಯಾವ ಸಾಲಿನಲ್ಲಿ ಯಾವ ಬಣ್ಣದ ಕುಣಿಕೆ ಬರಬೇಕು ಅಂತ ಚೌಕಳಿ ನಕ್ಷೆ ಮಾಡಿ ಕೊಡುವ ಪ್ರೋಗ್ರಾಂ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಎಲ್ಲೆಲ್ಲಿನ ಹೆಂಗಸರೋ ಬಳಸುತ್ತಿದ್ದರು, ಕತ್ತು ಬಿಗಿಯಾಯಿತು ತೋಳು ಸಡಿಲವಾಯಿತು ಅಂತ ದೂರು ಬರೆಯುತ್ತಿದ್ದರು, ಇವಳು ತಿದ್ದುತ್ತಿದ್ದಳು.

ಪಕ್ಕದ ಅಂಗಡಿಯ ಬೀಗದವ ಶಟರಿನ ಕೆಳಗೆ ತಲೆ ತೂರಿಸಿದ. ಬೀಗ ರಿಪೇರಿ ಅವನ ಕಸುಬು, ಅವರಿವರ ಮನೆಯೊಳಗೆ ಇಣುಕುವುದು ಅಭ್ಯಾಸ.

"ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ಮುಖ ಊದಿಸ್ಕೊಂಡು?"

"ನೋಡು, ನನ್ನ ಬ್ಯಾಡ್ಜು."

ಅವನು ಕನ್ನಡಕ ಏರಿಸಿ ನೋಡಿದ. "ಚೆನ್ನಾಗಿದೆ. ಹಿಮ ಬಿದ್ದ ಹಾಗಿದೆ."

"ನಿನ್ನ ತಲೆ. ಇದು ಹಸಿರಾಗಬೇಕಿತ್ತು."

"ಹಾಗಾದ್ರೆ ನೀರು ಹಾಕಿ ನೋಡಿ," ಅಂದವನೇ, ಅವಳು ಉಣ್ಣೆಯುಂಡೆ ಎಸೆಯುವ ಮೊದಲೇ ತಲೆ ಎಳೆದುಕೊಂಡ.

ನಗುವ ಹೊತ್ತಾಗಿರಲಿಲ್ಲ ಅವಳಿಗೆ. ಸ್ವೆಟರಮ್ಮನ ಬಲಗೈ ಮಣಿಕಟ್ಟು ಸೋತಿತ್ತು. ಲಂಗದ ವಯಸ್ಸಿನಿಂದ ಸೂಜಿ ಹಿಡಿದ ಕೈ. ಈಗ ಒಂದು ಮಗುವಿನ ಟೋಪಿ ಹೆಣೆಯುವಷ್ಟರಲ್ಲಿ ಬೆರಳು ಮರಗಟ್ಟುತ್ತಿತ್ತು. "ಸೂಜಿ ಕೆಳಗಿಡಿ, ಇಲ್ಲಾಂದ್ರೆ ಲೋಟ ಎತ್ತೋಕೂ ಕಷ್ಟ ಆಗುತ್ತೆ," ಅಂದಿದ್ದರು ಡಾಕ್ಟರು. ಸರಿಯಾಗಿ ಅದೇ ಹೊತ್ತಿಗೆ ಕೈಕೆಲಸದ ಶಾಲೆಯಲ್ಲಿ ಕಂಪ್ಯೂಟರಿನಲ್ಲಿ ಹೆಣಿಗೆ ನಕ್ಷೆ ಮಾಡುವುದನ್ನು ಕಲಿಸಲು ಒಬ್ಬ ಟೀಚರ್ ಬೇಕಾಗಿದ್ದರು. ಆ ಕುರ್ಚಿ ಸಿಕ್ಕರೆ ಸೂಜಿ ಹಿಡಿಯದೆಯೂ ಹೆಣಿಗೆಯ ಜೊತೆಯಲ್ಲೇ ಇರಬಹುದು. ಸಿಗದಿದ್ದರೆ ಅಂಗಡಿ ಮುಚ್ಚಿ ಕಿಟಕಿಯ ಹತ್ತಿರ ಕೈ ಕಟ್ಟಿ ಕೂರಬೇಕು. ಸುಮ್ಮನೆ ಕೂರುವುದೊಂದನ್ನು ಅವಳ ಹಣೆಯಲ್ಲಿ ಬರೆದಿರಲಿಲ್ಲ.

ಶಾಲೆಯ ಮೇಡಮ್ಮು ಒಳ್ಳೆಯ ಹೆಂಗಸು. ಅವರೇ ಹೇಳಿಕೊಟ್ಟಿದ್ದರು: "ಕಮಿಟಿಯವರಿಗೆ ಓದೋ ವ್ಯವಧಾನ ಇಲ್ಲಮ್ಮ, ನೋಡ್ತಾರೆ ಅಷ್ಟೆ. ಒಂದು ವೆಬ್‌ಸೈಟ್ ಮಾಡಿ, ನಿಮ್ಮ ಕೆಲಸ ಹಾಕಿ, ಕೆಳಗಡೆ ಆ ಹಸಿರು ಬ್ಯಾಡ್ಜ್ ಅಂಟಿಸಿ. ದಿನಾ ದುಡಿಯೋ ಕೈ ಅಂತ ಕಣ್ಣಿಗೆ ಹೊಡೀಬೇಕು. ಸೋಮವಾರ ಕೂತು ನೋಡ್ತಾರಂತೆ."

ಅಂಟಿಸಿದ್ದೇನೋ ಆಯಿತು. ತನ್ನ ಪುಟದಲ್ಲಿ ಸೇರಿಸಿದ ಆ ಒಂದು ಸಾಲನ್ನು ಸ್ವೆಟರಮ್ಮ ಮತ್ತೆ ಮತ್ತೆ ಓದಿದಳು. ತನ್ನ ಖಾತೆಯ ಹೆಸರು ಸರಿಯಾಗಿತ್ತು, ಚುಕ್ಕಿ ಗೀಟು ಎಲ್ಲಾ ಸರಿಯಾಗಿತ್ತು. ಇಂಥ ಚಿತ್ರಗಳು ಕೆಲವು ಸಲ ಸ್ವಲ್ಪ ಹೊತ್ತು ಹಳೆಯದನ್ನೇ ತೋರಿಸುತ್ತವೆ ಅಂತ ಕೇಳಿದ್ದಳು. ಒಂದು ಗಿರಾಕಿ ಬಂದು ಹೋಗುವವರೆಗೆ ಕಾದಳು. ಬಿಳಿಯೇ. ಕೊನೆಗೆ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿ, ಎಲ್ಲರೂ ಅದನ್ನು ಇಳಿಸಿಕೊಳ್ಳುವ ತಾಣಕ್ಕೆ ಕಳಿಸಿದಳು. ಅದು ಹೋಗಿ ಸೇರಿತೋ ಇಲ್ಲವೋ ಅಂತ ನೋಡಿದರೆ, ಸೇರಿತ್ತು. ಅದರ ಪಕ್ಕದಲ್ಲಿ, ಮಾಡಿದವರು ಯಾರು ಅಂತ ತೋರಿಸುವ ಗುಂಡನೆಯ ಪುಟ್ಟ ಫೋಟೋದಲ್ಲಿ, ನೆಗಡಿಯಾದವನ ಹಾಗೆ ಅರೆಗಣ್ಣು ಬಿಟ್ಟುಕೊಂಡು ಅವಳ ಗಂಡ ನಗುತ್ತಿದ್ದ.

ಸ್ವೆಟರಮ್ಮ ಟೀ ಲೋಟ ಕೆಳಗಿಟ್ಟಳು.

ಆದದ್ದು ಇಷ್ಟೇ. ಆ ಲ್ಯಾಪ್‌ಟಾಪು ಗಂಡನದ್ದು. ಮೊದಲ ದಿನ ಯಂತ್ರ "ಕೆಲಸ ಮಾಡುವವರ ಹೆಸರು, ವಿಳಾಸ ಏನು?" ಅಂತ ಕೇಳಿತ್ತು, ಅವನು ತನ್ನದನ್ನು ಬರೆದಿದ್ದ. ಒಂದು ಸಲ ಹೇಳಿದರೆ ಮುಗಿಯಿತು, ಯಂತ್ರ ಮತ್ತೆ ಕೇಳುವುದಿಲ್ಲ. ಆಮೇಲೆ ಯಾರ ಬೆರಳು ಕುಟ್ಟಿದರೂ ಅದಕ್ಕೆ ಅವನೇ. ಊರಿನ ಅರ್ಧ ಮಕ್ಕಳ ಸ್ವೆಟರಿಗೆ ಕತ್ತಿನ ಒಳಗಡೆ ಹೆಸರಿನ ಪಟ್ಟಿ ಹೊಲಿದು ಕೊಟ್ಟವಳು, "ಹೆಸರಿಲ್ಲದ ಸ್ವೆಟರು ಶಾಲೆಯಿಂದ ವಾಪಸ್ ಬರಲ್ಲ" ಅಂತ ತಾಯಂದಿರಿಗೆ ಬುದ್ಧಿ ಹೇಳಿದವಳು, ತನ್ನ ಕೆಲಸದ ಕತ್ತಿನೊಳಗೆ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಗಂಡನ ಹಳೆಯ ಪುಟ ತೆರೆದು ಒಂದೊಂದೇ ವರ್ಷ ತಿರುವಿದಳು. ಅವನ ಬ್ಯಾಡ್ಜು ಇನ್ನೂ ಅಲ್ಲಿತ್ತು. ಅವನು ಇದ್ದ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಹಸಿರು. ಹೋದ ಮೇಲೆ ಒಂದಷ್ಟು ಬಿಳಿ. ಅಲ್ಲಿಂದಾಚೆಗೆ ಸಾಲು ಸಾಲಾಗಿ ಹಸಿರು, ಇವತ್ತಿನವರೆಗೂ. ಸತ್ತ ಮೇಲೆ ಮನುಷ್ಯ ಬಹಳ ಶ್ರದ್ಧೆ ಕಲಿತುಬಿಟ್ಟಿದ್ದ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಟೈಮ್‌ಟೇಬಲ್ಲು ಅಂತ. ಬಸ್ ಡಿಪೋದಲ್ಲಿ ಗುಮಾಸ್ತ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಪಟ್ಟಿ ಮಾಡುವುದು ಕೆಲಸ. ಅವನ ಪಟ್ಟಿಯ ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವು, ಅವನೊಬ್ಬ ಮಾತ್ರ ಎಲ್ಲಕ್ಕೂ ತಡ. ಮದುವೆಗೇ ತಡವಾಗಿ ಬಂದವನು. "ಬಸ್ ತಪ್ಪಿಹೋಯ್ತು" ಅಂದಿದ್ದಕ್ಕೆ ನೆಂಟರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಆಗ ಸ್ವೆಟರಮ್ಮ ನಕ್ಷೆಗಳನ್ನು ಗೀಟು ಕಾಗದದ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಒಂದು ಚೌಕ ತಪ್ಪಿದರೆ ರಬ್ಬರು, ರಬ್ಬರಿನಿಂದ ಕಾಗದ ಹರಿದರೆ ಮತ್ತೆ ಮೊದಲಿನಿಂದ. ಅವನು ಒಂದು ಸಂಜೆ ಊಟದ ಮೇಜಿನ ಆಚೆಯಿಂದ ಬಗ್ಗಿ ನೋಡಿ, "ಇದು ನನ್ನ ಬಸ್ಸುಗಳ ಹಾಗೇ ಇದೆಯಲ್ಲೇ. ಸಾಲು, ಮನೆ, ಯಾವ ಮನೇಲಿ ಯಾರು ಕೂರಬೇಕು. ಇದನ್ನ ಕಂಪ್ಯೂಟರ್ ಮಾಡುತ್ತೆ, ನೀನ್ಯಾಕೆ ಕಣ್ಣು ಕಳ್ಕೋತೀಯ?" ಅಂದ. ಡಿಪೋ ಕೆಲಸಕ್ಕೆ ಅಂತ ಅಷ್ಟಿಷ್ಟು ಕೋಡ್ ಕಲಿತಿದ್ದ. ಹೀಗೆ ಹುಟ್ಟಿತು ಆ ಪ್ರೋಗ್ರಾಂ.

ಅದು ಕೊಟ್ಟ ಮೊದಲ ನಕ್ಷೆ ಹಿಡಿದು ಅವನಿಗೇ ಒಂದು ಸ್ವೆಟರ್ ಹೆಣೆದಳು. ನಕ್ಷೆಯಲ್ಲಿದ್ದ ಹಾಗೇ ಹೆಣೆದಳು, ಒಂದು ಕುಣಿಕೆ ಹೆಚ್ಚಿಲ್ಲ ಕಮ್ಮಿಯಿಲ್ಲ. ಒಂದು ತೋಳು ಸರಿಯಾಗಿ ಬಂತು, ಇನ್ನೊಂದು ಮೊಣಕಾಲು ಮುಟ್ಟಿತು. ಆ ಚಳಿಗಾಲ ಪೂರ್ತಿ ಅವನು ಅದನ್ನೇ ಹಾಕಿಕೊಂಡು ಡಿಪೋಗೆ ಹೋದ. ಡ್ರೈವರುಗಳು ಕೇಳಿದರೆ, "ಇದು ಎಕ್ಸ್‌ಪ್ರೆಸ್ ತೋಳು, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ," ಅನ್ನುತ್ತಿದ್ದ.

ಆ ತೋಳಿನ ಜಗಳದಲ್ಲೇ ಸ್ವೆಟರಮ್ಮ ಕೋಡ್ ಕಲಿತದ್ದು. "ಎಲ್ಲಿ, ಆ ತೋಳು ಎಲ್ಲಿದೆ ನಿಮ್ಮ ಬರಹದಲ್ಲಿ? ತೋರಿಸಿ." ಅವನು ತೋರಿಸುತ್ತಿದ್ದ. "ಇಲ್ಲಿ ಎರಡು ಕಡೆಯೂ ಕುಣಿಕೆ ಇಳಿಸಬೇಕು, ನೀವು ಒಂದೇ ಕಡೆ ಇಳಿಸಿದೀರಿ. ಸೂಜಿ ಹಿಡಿದು ಗೊತ್ತಿದ್ರೆ ತಾನೆ." ಅವನು ಬರೆಯುವುದು, ಇವಳು ಬೈಯುವುದು. ಬರಬರುತ್ತಾ ಬೈಯುವುದಕ್ಕಿಂತ ಬರೆಯುವುದೇ ಸುಲಭ ಅನ್ನಿಸಿ ಕುರ್ಚಿ ಅದಲುಬದಲಾಯಿತು: ಇವಳು ಕೀಲಿಮಣೆಯ ಮುಂದೆ, ಅವನು ಟೀ ಹಿಡಿದು ಪಕ್ಕದಲ್ಲಿ. ಆದರೂ ಕೊನೆಗೆ ಕಳಿಸುವ ಕೆಲಸ ಅವನದೇ. ಪ್ರತಿ ಸಲ ಕಳಿಸುವಾಗ ಏನು ಮಾಡಿದೆ ಅಂತ ಒಂದು ಸಾಲು ಬರೆಯಬೇಕು. ಅವನು ಬರೆಯುತ್ತಿದ್ದದ್ದು ಹೀಗೆ: "ಸರಿಮಾಡಿದೆ." ಮಾರನೆಯ ದಿನ: "ಈಗ ನಿಜವಾಗಿ ಸರಿಮಾಡಿದೆ." ಅದರ ಮಾರನೆಯ ದಿನ: "ಅವಳು ಹೇಳಿದ್ದೇ ಸರಿ." ಬಾಯಲ್ಲಿ ಒಂದು ದಿನವೂ ಆ ಮಾತು ಹೇಳಿದವನಲ್ಲ.

ಕಾವಲು ದಾರ ಕಲಿಸಿದ್ದೂ ಅದೇ ಮೇಜಿನ ಮೇಲೆ. ಒಂದು ಸಲ ಅವಳು ಮಗುವಿನ ಟೋಪಿ ಹೆಣೆಯುತ್ತಿದ್ದಾಗ ಮೇಲಿನೆರಡು ಸಾಲು ತಪ್ಪಿತ್ತು. "ಸ್ವಲ್ಪ ಬಿಚ್ಚಿ ಕೊಡಿ, ಅನ್ನ ಇಳಿಸಿ ಬರ್ತೀನಿ" ಅಂದು ಒಳಗೆ ಹೋದಳು. ಬರುವಷ್ಟರಲ್ಲಿ ಟೋಪಿ ಹೋಗಿ ಅವನ ಮಡಿಲಲ್ಲಿ ಉಣ್ಣೆಯ ರಾಶಿಯಾಗಿತ್ತು. ಅವನು ಪೆಚ್ಚಾಗಿ, "ಎಳೆದ ಹಾಗೆ ಬರ್ತಾನೇ ಇತ್ತು, ನಿಲ್ಲಲಿಲ್ಲ" ಅಂದ. ಹೆಣೆಯೋಕೆ ವಾರ, ಬಿಚ್ಚೋಕೆ ನಿಮಿಷ. ಅವಳು ಬೈಯಲಿಲ್ಲ. ಬೇರೆ ಬಣ್ಣದ ನುಣುಪು ದಾರ ತೆಗೆದುಕೊಂಡು ತೋರಿಸಿದಳು: ಇಲ್ಲಿಯವರೆಗೆ ಸರಿಯಾಗಿದೆ ಅಂತ ಗೊತ್ತಿರುವ ಸಾಲಿನ ಅಷ್ಟೂ ಕುಣಿಕೆಗಳೊಳಗೆ ಈ ದಾರ ತೂರಿಸಿಬಿಡಬೇಕು. ಆಮೇಲೆ ಮೇಲಿನಿಂದ ಎಷ್ಟು ಬೇಕಾದರೂ ಎಳೆಯಿರಿ, ಬಿಚ್ಚುತ್ತಾ ಬಂದದ್ದು ಆ ದಾರದ ಹತ್ತಿರ ನಿಂತುಬಿಡುತ್ತದೆ, ಕೆಳಗಿನದು ಅಲುಗುವುದಿಲ್ಲ. ಅವನು ಮೊದಲ ಸಲ ಸಮುದ್ರ ನೋಡಿದವನ ಹಾಗೆ ನೋಡಿದ. ಮರುದಿನವೇ ಪ್ರೋಗ್ರಾಮಿನ ನಕ್ಷೆಗಳಲ್ಲಿ ಅಲ್ಲಲ್ಲಿ ಒಂದು ಕೆಂಪು ಗೆರೆ ಬಂತು. ಪಕ್ಕದಲ್ಲಿ ಬರೆದಿತ್ತು: ಕಾವಲು.

ಒಂದು ಮಧ್ಯಾಹ್ನ ಡಿಪೋದಿಂದ ಬಂದವನು ಎದೆ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ಕೂತ. ಜೀವಮಾನದಲ್ಲಿ ಟೈಮ್‌ಟೇಬಲ್ಲು ಹೊತ್ತಿಗೆ ಮುಂಚೆ ಹೊರಟದ್ದು ಅದೊಂದೇ ಸಲ.

ಆಮೇಲೆ ಬಹಳ ದಿನ ಅವಳು ಲ್ಯಾಪ್‌ಟಾಪಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದಳು. ಯಾರೋ ದೂರದ ಹೆಂಗಸು, ಹುಟ್ಟಲಿರುವ ಮೊಮ್ಮಗುವಿಗೆ ಹೆಣೆಯುತ್ತಿದ್ದೇನೆ, ಕತ್ತಿನ ಲೆಕ್ಕ ಕೂಡುತ್ತಿಲ್ಲ ಅಂತ ಬರೆದಳು. ಮಗು ಕಾಯುತ್ತದೆಯೇ? ಬಟ್ಟೆ ತೆಗೆದಳು, ಕತ್ತು ಸರಿಮಾಡಿದಳು, ಕಳಿಸಿದಳು. ಯಂತ್ರ ಯಾರು ನೀನು ಅಂತ ಕೇಳಲಿಲ್ಲ. ಅವಳಿಗೂ ಹೇಳಬೇಕು ಅನ್ನಿಸಲಿಲ್ಲ.

ಈಗ ಏನು ಮಾಡಬೇಕು ಅಂತಲೂ ಅವಳಿಗೆ ಗೊತ್ತಿತ್ತು. ಇಂದಿನಿಂದ ಹೆಸರು ಬದಲಾಯಿಸಿದರೆ ಇಂದಿನಿಂದ ಮಾತ್ರ ಅವಳದ್ದು, ಹಿಂದಿನದಕ್ಕೆ ಬಿಚ್ಚಲೇಬೇಕು. ಸಾಲು ಸಾಲಾಗಿ ಹಿಂದಕ್ಕೆ ಹೋಗಿ, ಅವನ ಹೆಸರು ಬಿಡಿಸಿ ತನ್ನ ಹೆಸರು ಹಾಕಿ, ಅದೇ ತಾರೀಖಿಗೆ ಅದೇ ಕೆಲಸವನ್ನು ಮತ್ತೆ ಹೆಣೆದುಕೊಂಡು ಬರಬೇಕು. ಉಣ್ಣೆ ಅದೇ, ಪಟ್ಟಿ ಮಾತ್ರ ಬೇರೆ. ಹಾಗೆ ಮಾಡಿದರೆ ತನ್ನ ಬ್ಯಾಡ್ಜು ಹಸಿರಾಗುತ್ತದೆ, ಅವನದ್ದು ಬಿಳಿಯಾಗುತ್ತದೆ. ಬೆರಳು ಮುಂದೆ ಹೋಗಲಿಲ್ಲ. ಬುಧವಾರ ಪೂರ್ತಿ ಯಂತ್ರ ಮುಟ್ಟಲಿಲ್ಲ.

ಸಂಜೆ ಅತ್ತೆಯ ಫೋನು ಬಂತು. ಟೈಮ್‌ಟೇಬಲ್ಲಿನ ತಾಯಿ ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿರುವ ಊರಿನಲ್ಲಿ ಮಗಳ ಜೊತೆ ಇದ್ದರು. ವಯಸ್ಸಾಗಿದ್ದರೂ ನಾಲಿಗೆಗೆ ಮುಪ್ಪು ಬಂದಿರಲಿಲ್ಲ.

"ಯಾಕೆ, ಇವತ್ತು ಹಸಿರಾಗಿಲ್ಲ?"

"ಏನು ಅತ್ತೆ ಹಸಿರಾಗಿಲ್ಲ?"

"ಅವನ ಪುಟದಲ್ಲಿ. ದಿನಾ ನೋಡ್ತೀನಲ್ಲ."

ಆ ಬ್ಯಾಡ್ಜನ್ನು ಟೈಮ್‌ಟೇಬಲ್ಲು ಅಂಟಿಸಿದ್ದೇ ತಾಯಿಗೋಸ್ಕರ ಅನ್ನುವುದು ಸ್ವೆಟರಮ್ಮನಿಗೆ ಮರೆತೇಹೋಗಿತ್ತು. ಅವರ ಟ್ಯಾಬಿನಲ್ಲಿ ಪುಟ ತೆರೆಯುವುದನ್ನು ಕಲಿಸಿ, "ಅಮ್ಮ, ಚೌಕ ಹಸಿರಾದ್ರೆ ನಿನ್ನ ಮಗ ಎದ್ದಿದಾನೆ, ಉಂಡಿದಾನೆ, ಚೆನ್ನಾಗಿದಾನೆ ಅಂತ ತಿಳ್ಕೋ. ಮೀಟಿಂಗ್ ಮಧ್ಯೆ ಫೋನ್ ಮಾಡಿ ಉಂಡ್ಯಾ ಅಂತ ಕೇಳಬೇಡ," ಅಂದಿದ್ದ. ಅದಕ್ಕೆ ಅತ್ತೆ, "ಹಸಿರಾದ್ರೆ ಹುಲ್ಲು ತಿಂದಿದೀಯ ಅಂತ ತಿಳ್ಕೋತೀನಿ," ಅಂದಿದ್ದರು.

"ನೆಟ್ ಸರಿ ಇರಲಿಲ್ಲ, ಅತ್ತೆ," ಅಂದಳು ಸ್ವೆಟರಮ್ಮ.

"ಹೂಂ," ಅಂದರು ಅತ್ತೆ. ಅವರ ಹೂಂನಲ್ಲಿ ಏನೇನಿರುತ್ತದೆ ಅಂತ ಹೇಳುವುದು ಕಷ್ಟ. ಕಳೆದ ಚಳಿಯಲ್ಲಿ ಇವಳು ಜ್ವರ ಬಂದು ಮಲಗಿದ್ದಾಗಲೂ ಹೀಗೇ, ತಾವಾಗಿ ಫೋನ್ ಮಾಡಿ "ಮೈ ಸುಡ್ತಿದೆಯಾ?" ಅಂತ ಕೇಳಿದ್ದರು. ಯಾರು ಚಾಡಿ ಹೇಳಿದರೋ ಅಂತ ಸ್ವೆಟರಮ್ಮ ಆಗ ಬೀಗದವನ ಮೇಲೆ ಅನುಮಾನಪಟ್ಟಿದ್ದಳು.

ಮಗ ಹೋದ ಮೇಲೂ ದಿನಾ ಅವನ ಚೌಕ ಹಸಿರಾಗುವುದನ್ನು ನೋಡಿ ಆ ಮುದಿ ಜೀವ ದಿನ ಶುರುಮಾಡುತ್ತಿದೆ. ಅದನ್ನು ಕಿತ್ತು ತನ್ನ ಕತ್ತಿಗೆ ಹೊಲಿದುಕೊಳ್ಳುವುದೇ? ಗುರುವಾರ ಶಾಲೆಗೆ ಹೋಗಿ ಮೇಡಮ್ಮಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬ್ಯಾಡ್ಜು ಬಿಳಿಯಾಗೇ ಇರಲಿ, ತಾನು ಬಾಯಲ್ಲಿ ವಿವರಿಸುತ್ತೇನೆ ಅಂದಳು.

ಮೇಡಮ್ಮು ಕನ್ನಡಕ ತೆಗೆದು ಒರೆಸಿದರು. "ನಾನು ನಂಬ್ತೀನಮ್ಮ. ಆದ್ರೆ ಅವರು ನೋಡೋದು ನಿಮ್ಮ ಯಜಮಾನರ ಹೆಸರು. 'ಪಾಪ, ಗಂಡನ ಕೆಲಸ ತೋರಿಸ್ತಿದಾರೆ' ಅಂತಾರೆ. ಆ 'ಪಾಪ' ನಿಮಗೆ ಬೇಕಾ?"

ಆ ಮಾತು ಬಟ್ಟೆಯಲ್ಲಿ ಉಳಿದ ಸೂಜಿಯ ಹಾಗೆ ದಾರಿಯುದ್ದಕ್ಕೂ ಚುಚ್ಚಿತು. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಅತ್ತೆಯ ಊರಿನ ಬಸ್ಸು ಹತ್ತಿದಳು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಆ ಹೊತ್ತನ್ನು ಗೊತ್ತುಮಾಡಿದ್ದು ಯಾರು ಅಂತ ಕಂಡಕ್ಟರಿಗೆ ಗೊತ್ತಿರಲಿಲ್ಲ; ಅವಳು ಹೇಳಲೂ ಇಲ್ಲ.

ಮಗಳು ಕೆಲಸಕ್ಕೆ ಹೋಗಿದ್ದರಿಂದ ಮನೆಯಲ್ಲಿ ಅತ್ತೆ ಒಬ್ಬರೇ. ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಗೆ ಟ್ಯಾಬು ಒರಗಿತ್ತು.

"ಏನೇ, ಹೇಳದೆ ಕೇಳದೆ ಬಂದೆ?"

"ಒಂದು ಮಾತು ಹೇಳೋಕೆ, ಅತ್ತೆ."

"ಬಸ್ಸು ಹತ್ತಿಸೋವಷ್ಟು ಭಾರದ ಮಾತಾ? ಹಾಗಾದ್ರೆ ಮೊದಲು ಟೀ ಕುಡಿ. ಬರಿ ಹೊಟ್ಟೇಲಿ ಹೇಳಿದ ಮಾತು ನಾನು ಕೇಳಲ್ಲ."

ಟೀ ಕುಡಿದಳು. ಲೋಟದ ತಳ ನೋಡುತ್ತಾ ಹೇಳಿದಳು. "ಅವರ ಪುಟದಲ್ಲಿ ಹಸಿರಾಗ್ತಿರೋದು ನಾನು ಮಾಡೋ ಕೆಲಸ, ಅತ್ತೆ. ಯಂತ್ರದಲ್ಲಿ ಅವರ ಹೆಸರೇ ಇತ್ತು, ನಾನು ನೋಡ್ಲಿಲ್ಲ. ಈಗ ನನಗೆ ಶಾಲೆಯ ಕೆಲಸ ಸಿಗಬೇಕಾದ್ರೆ ಅದನ್ನ ನನ್ನ ಹೆಸರಿಗೆ ತರಬೇಕು. ತಂದ್ರೆ ಅವರದು ಬಿಳಿಯಾಗುತ್ತೆ. ನೀವು ಬೇಡ ಅಂದ್ರೆ ಹಾಗೇ ಬಿಟ್ಟುಬಿಡ್ತೀನಿ."

ಅತ್ತೆ ಅವಳ ಕೈಯಿಂದ ಖಾಲಿ ಲೋಟ ಕಿತ್ತುಕೊಂಡರು.

"ನನ್ನನ್ನ ಏನಂತ ತಿಳ್ಕೊಂಡಿದೀಯ? ಸತ್ತ ಮಗ ಮೇಲೆ ಕೂತು ಲ್ಯಾಪ್‌ಟಾಪ್ ಕುಟ್ತಿದಾನೆ ಅಂತ ನಂಬೋಕೆ ನನ್ನ ತಲೆ ಏನು ಸೋರೆಬುರುಡೆಯಾ?"

ಸ್ವೆಟರಮ್ಮ ತಲೆ ಎತ್ತಿದಳು. ಅತ್ತೆ ಟ್ಯಾಬನ್ನು ಎಳೆದುಕೊಂಡು ಹಳೆಯ ವರ್ಷಕ್ಕೆ ಹೋದರು.

"ಇಲ್ಲಿ ನೋಡು, ಇದು ಅವನ ಕಾಲದ್ದು. ಇಲ್ಲೊಂದು, ಅಲ್ಲೊಂದು, ಮಧ್ಯೆ ಬಟಾಬಯಲು. ಹಲ್ಲು ಬಿದ್ದ ಬಾಯಿ ಹಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಜ. ಆದ್ರೆ ಹೆಗ್ಗಣ ಅಂತ ಹೆತ್ತವರಿಗೂ ಗೊತ್ತಿರುತ್ತೆ ಕಣೇ. ಈಗ ಇದನ್ನ ನೋಡು, ಅವನು ಹೋದ ಮೇಲಿಂದು. ಸಾಲು ಸಾಲು, ಒಂದು ಕುಣಿಕೆ ಜಾರಿಲ್ಲ. ಇದು ಯಾರ ಕೈ ಅಂತ ನನಗೆ ಬಂದು ಹೇಳಬೇಕಾ?"

"ಮತ್ತೆ ದಿನಾ ಯಾಕೆ ನೋಡ್ತಿದ್ರಿ?"

"ನೀನು ಎದ್ದಿದೀಯ, ಉಂಡಿದೀಯ ಅಂತ ತಿಳೀಬೇಕಲ್ಲ. ಫೋನ್ ಮಾಡಿದ್ರೆ 'ಚೆನ್ನಾಗಿದೀನಿ ಅತ್ತೆ' ಅಂತ ಹಾಡಿದ್ದೇ ಹಾಡ್ತೀಯ. ಚೌಕಕ್ಕೆ ಸುಳ್ಳು ಹೇಳೋಕೆ ಬರಲ್ಲ. ಅವತ್ತು ಜ್ವರ ಬಂದಾಗ ಯಾರು ಹೇಳಿದ್ರು ಅಂದ್ಕೊಂಡೆ? ಮೂರು ದಿನ ಬಿಳಿ ಇತ್ತು, ಅದೇ ಹೇಳ್ತು."

ಪಾಪ, ಬೀಗದವ. ಸ್ವೆಟರಮ್ಮ ಸುಮ್ಮನೆ ಅವನಿಗೆ ಒಂದು ವಾರ ಮುಖ ತಿರುಗಿಸಿದ್ದಳು.

"ಅಳೋದಿದ್ರೆ ಬೇಗ ಅತ್ತು ಮುಗಿಸು," ಅಂದರು ಅತ್ತೆ, ತಮ್ಮ ಮೂಗನ್ನೇ ಒರೆಸಿಕೊಳ್ಳುತ್ತಾ. "ನಿನ್ನ ಕೆಲಸ ನಿನ್ನ ಹೆಸರಿಗೆ ಹಾಕ್ಕೋ. ಆದ್ರೆ ಅವನು ಮಾಡಿದ್ದು ಅವನ ಹೆಸರಲ್ಲೇ ಇರಲಿ. ಹಲ್ಲು ಬಿದ್ದ ಬಾಯಾದ್ರೂ, ನಗೋ ಬಾಯಿ ಅದು."

ಆ ಮೇಜಿನ ಮೇಲೆಯೇ ಬಿಚ್ಚಲು ಕೂತರು. ಸ್ವೆಟರಮ್ಮ ಮೊದಲು ಅಷ್ಟಕ್ಕೂ ಒಂದು ಪ್ರತಿ ತೆಗೆದು ಬೇರೆ ಇಟ್ಟಳು. ಯಂತ್ರಕ್ಕೆ ಕೊನೆಗೂ ತನ್ನ ಹೆಸರು ಹೇಳಿದಳು. ಹಿಂದಿನ ಸಾಲುಗಳಲ್ಲಿ ಅವನ ಹೆಸರಿರುವ ಕಡೆ ತನ್ನದು ಹಾಕು ಅಂತ ಆಜ್ಞೆ ಬರೆದು ಒತ್ತಿದಳು. ಪರದೆಯ ಮೇಲೆ ಸಾಲುಗಳು ಸರಸರ ಓಡಿ ನಿಂತವು. ಬಗ್ಗಿ ಓದಿದರೆ, "ಅವಳು ಹೇಳಿದ್ದೇ ಸರಿ" ಅನ್ನುವ ಸಾಲಿನ ಪಕ್ಕದಲ್ಲಿ ಅವಳ ಹೆಸರೇ ಇತ್ತು.

"ಅಯ್ಯೋ, ಟೋಪಿ ಪೂರ್ತಿ ಬಿಚ್ಚಿಹೋಯ್ತು," ಅಂದಳು.

"ಅವನು ಹೋದ್ನಾ?" ಅತ್ತೆಯ ಕೈ ಮೇಜಿನ ಅಂಚು ಹಿಡಿದಿತ್ತು.

"ಇಲ್ಲ ಅತ್ತೆ, ಇನ್ನೂ ಕಳಿಸಿಲ್ಲ, ನನ್ನ ಹತ್ತಿರವೇ ಇದೆ. ಎಲ್ಲಿ ನಿಲ್ಲಬೇಕು ಅಂತ ಹೇಳೋದು ಮರೆತೆ. ಅವರದ್ದೂ ಸೇರಿ ನನ್ನ ಹೆಸರಿಗೆ ಬಂತು. ನೋಡಿ, ನನ್ನನ್ನ ನಾನೇ ಹೊಗಳಿಕೊಂಡ ಹಾಗಾಗಿದೆ."

ಅತ್ತೆ ಆ ಸಾಲು ಓದಿ, ಓದಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನನ್ನ ಮಗ ಇದನ್ನ ಬರೆದಿದ್ನಾ? ನನಗಂತೂ ಒಂದು ದಿನ ಹೇಳಲಿಲ್ಲ ನೋಡು."

ಸ್ವೆಟರಮ್ಮ ಪ್ರತಿಯಿಂದ ಮತ್ತೆ ಮೊದಲಿನಂತೆ ಮಾಡಿಕೊಂಡು, ಈ ಸಲ ಬಿಚ್ಚುವ ಮೊದಲು ಅವನು ಕೊನೆಯದಾಗಿ ಕಳಿಸಿದ ಸಾಲನ್ನು ಹುಡುಕುತ್ತಾ ಹಿಂದಕ್ಕೆ ಹೋದಳು. ಹೆಣೆಯುವವರು ಮುಗಿದ ಸಾಲನ್ನು ತಿರುಗಿ ನೋಡುವುದು ಕಮ್ಮಿ. ಇಲ್ಲಿಯವರೆಗೆ ಅವಳೂ ನೋಡಿರಲಿಲ್ಲ. ಸಿಕ್ಕಿತು. ಅವನು ಹೋದ ದಿನದ ಬೆಳಿಗ್ಗೆಯದು.

"ಏನು ಬರೆದಿದಾನೆ, ಓದು."

"'ತೋಳಿನ ಲೆಕ್ಕ ಅರ್ಧ ಆಯಿತು. ಮಿಕ್ಕಿದ್ದು ಅವಳನ್ನು ಕೇಳಬೇಕು.'"

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕೇಳಿದ್ನಾ?"

"ಇಲ್ಲ, ಅತ್ತೆ. ಮಧ್ಯಾಹ್ನ ಬಂದವರು ಸುಮ್ಮನೆ ಕೂತರು. ಆ ತೋಳನ್ನ ಆಮೇಲೆ ನಾನೇ ಮುಗಿಸಿದೆ. ಈಗ ಸರಿಯಾಗಿ ಬರುತ್ತೆ, ಎರಡೂ ತೋಳು."

ಆ ಸಾಲಿಗೆ ಒಂದು ಗುರುತು ಕಟ್ಟಿದಳು. ಗುರುತಿಗೆ ಹೆಸರು ಕೇಳಿತು ಯಂತ್ರ. "ಕಾವಲು" ಅಂತ ಬರೆದಳು. ಆ ಗುರುತಿನ ತನಕ ಮಾತ್ರ ಬಿಚ್ಚು, ಕೆಳಗಿನದು ಮುಟ್ಟಬೇಡ ಅಂತ ಆಜ್ಞೆ ತಿದ್ದಿ ಮತ್ತೆ ಒತ್ತಿದಳು. ಸಾಲುಗಳು ಓಡಿದವು, ಕಾವಲಿನ ಹತ್ತಿರ ನಿಂತವು. ಕೆಳಗೆ ಅವನು, ಮೇಲೆ ಅವಳು. ಪ್ರೋಗ್ರಾಂ ಬಳಸುವವರಿಗೆಲ್ಲ, ಹೆಸರು ಸರಿಪಡಿಸಿದ್ದೇನೆ, ಹೊಸದಾಗಿ ಪ್ರತಿ ಇಳಿಸಿಕೊಳ್ಳಿ ಅಂತ ಎರಡು ಮಾತು ಬರೆದು, ಕಳಿಸಿದಳು.

ಬ್ಯಾಡ್ಜು ತಕ್ಷಣ ಬದಲಾಗಲಿಲ್ಲ. ಅತ್ತೆ ಇನ್ನೊಂದು ಸಲ ಟೀ ಇಟ್ಟರು. ಟೀ ಆರುವಷ್ಟರಲ್ಲಿ ಸ್ವೆಟರಮ್ಮನ ಪುಟದ ಬುಡದಲ್ಲಿ ಹಸಿರು ತುಂಬಿತ್ತು, ಆ ತುದಿಯಿಂದ ಈ ತುದಿಯವರೆಗೆ. ಕಳೆದ ಚಳಿಯ ಜ್ವರದ ಹತ್ತಿರ ಮಾತ್ರ ಮೂರು ಬಿಳಿ ಚೌಕ, ಇಲಿ ಕಚ್ಚಿದ ಹಾಗೆ, ತುದಿಯಲ್ಲಿ ಈ ಬುಧವಾರದ್ದೊಂದು. ಟ್ಯಾಬಿನಲ್ಲಿ ಟೈಮ್‌ಟೇಬಲ್ಲಿನ ಪುಟ ತೆರೆದರು. ಅಲ್ಲೊಂದು ಇಲ್ಲೊಂದು ಹಸಿರು, ಕೊನೆಗೆ ಒಂದು, ಅಲ್ಲಿಂದಾಚೆಗೆ ಬರೀ ಬಿಳಿ.

ಅತ್ತೆ ಆ ಕೊನೆಯ ಹಸಿರು ಚೌಕದ ಮೇಲೆ ಬೆರಳಿಟ್ಟುಕೊಂಡು ಕೂತರು. ಸ್ವೆಟರಮ್ಮ ಅವರ ಇನ್ನೊಂದು ಕೈ ಹಿಡಿದುಕೊಂಡಳು. ಅವನು ಹೋದ ದಿನ ಮನೆ ತುಂಬಾ ಜನ ಇದ್ದರು. ಇಬ್ಬರೇ ಹೀಗೆ ಕೂತದ್ದು ಇದೇ ಮೊದಲು.

"ಸರಿ," ಅಂದರು ಅತ್ತೆ ಕೊನೆಗೆ. "ಇದು ಹೀಗೇ ಇರಲಿ. ಇದರ ಪಕ್ಕದಲ್ಲಿ ನಿನ್ನದನ್ನೂ ಹಾಕಿಕೊಡು. ಬೆಳಿಗ್ಗೆ ಎದ್ದರೆ ಎರಡೂ ಕಾಣಬೇಕು."

ಸೋಮವಾರ ಕಮಿಟಿಯವರು ನೋಡಿದರು. ಮೇಡಮ್ಮು ಹೇಳಿದ್ದು ನಿಜವೇ, ಯಾರೂ ಏನನ್ನೂ ಓದಲಿಲ್ಲ. ಅವರಲ್ಲಿ ಒಬ್ಬರು ಮಾತ್ರ ಬ್ಯಾಡ್ಜಿನ ಮೇಲೆ ಬೆರಳಿಟ್ಟು, "ಇಲ್ಲಿ ಮೂರು ದಿನ ಯಾಕೆ ಬಿಟ್ರಿ?" ಅಂತ ಕೇಳಿದರಂತೆ. "ಜ್ವರ ಬಂದಿತ್ತು, ಸಾರ್. ಬೇಕಾದ್ರೆ ನಮ್ಮ ಅತ್ತೆಯನ್ನ ಕೇಳಿ," ಅಂದಳಂತೆ ಸ್ವೆಟರಮ್ಮ.

ಶಾಲೆಯ ಮೊದಲ ಪಾಠದ ದಿನ, ಹೆಣಿಗೆ ಕಲಿಯಲು ಬಂದವರೆಲ್ಲ ಒಂದೊಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ಕಿಟಕಿಯ ಕಡೆಯ ಕೋಣೆ, ಹೊಸ ಉಣ್ಣೆಯ ವಾಸನೆ. ಸ್ವೆಟರಮ್ಮ ಹೇಳಿದ ಮೊದಲ ಮಾತು, "ಏನನ್ನೂ ಮುಟ್ಟೋ ಮುಂಚೆ ನಿಮ್ಮ ನಿಮ್ಮ ಹೆಸರು ಬರೀರಿ. ನಿಮ್ಮದೇ ಹೆಸರು." ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ, ಬರೆದರು. ಅಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಆಚೆ ಹೋಗಿ ಕಿವಿಗಿಟ್ಟಳು.

"ಬಿಸಿಲು ನೆತ್ತಿಗೆ ಬಂತು, ಇನ್ನೂ ಬಿಳಿ ಇದೆಯಲ್ಲೇ," ಅಂದರು ಅತ್ತೆ. "ಉಂಡ್ಯಾ?"

"ಪಾಠ ಮಾಡ್ತಿದೀನಿ ಅತ್ತೆ. ಇನ್ನೂ ಹುಲ್ಲು ತಿಂದಿಲ್ಲ."

ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ, "ಬೇಗ ತಿನ್ನು," ಅಂದು ಅತ್ತೆ ಫೋನ್ ಇಟ್ಟರು.